ತಾಳಿದವನು ಬಾಳಿಯಾನಂತೆ!

ಇವತ್ತು ಸಂಜೆ ಇನ್ನೊಬ್ಬ ಹಿರಿಯರು ಬಂದಿದ್ದರು. ಅಮ್ಮನ ಮಂಚದ ಪಕ್ಕ ಐದು ನಿಮಿಷ ಕೂತು, ಹೊರಡುವಾಗ ನನ್ನ ಬೆನ್ನು ತಟ್ಟಿ, "ತಾಳಿದವನು ಬಾಳಿಯಾನು ಕಣಪ್ಪಾ, ತಾಳ್ಮೆ ಕಳ್ಕೋಬೇಡ" ಅಂದರು. ಅಮ್ಮನಿಗೆ ಸ್ಟ್ರೋಕ್ ಆಗಿ ಇವತ್ತಿಗೆ 23 ದಿನ. ಈ ಗಾದೆ ಕೇಳಿದ್ದು ಅದಕ್ಕಿಂತ ಹೆಚ್ಚು ಸಲ. ತಾಳುತ್ತಿರೋನು ನಾನು, ಬಾಳಬೇಕಾದವಳು ಅಮ್ಮ. ಗಾದೆ ನಮ್ಮ ಮನೆಗೆ ಹೊಂದೋದೇ ಇಲ್ಲ.

ಗೊತ್ತು, ನಿಮ್ಮಲ್ಲಿ ಕೆಲವರು ಈಗಲೇ ಕಾಮೆಂಟ್ ಬರೆಯೋಕೆ ಶುರು ಮಾಡಿರ್ತೀರಿ: "ಪಾಪ, ಒಳ್ಳೆ ಮನಸ್ಸಿಂದಲೇ ಹೇಳ್ತಾರೆ, ಬೇರೆ ಏನು ಹೇಳೋಕಾಗುತ್ತೆ?" ಏನೂ ಹೇಳಬೇಡಿ ಸ್ವಾಮಿ! ಅಮ್ಮನ್ನ ಎರಡು ಗಂಟೆಗೊಂದು ಸಲ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತೆ. ರಾತ್ರಿ ಎರಡಕ್ಕೂ, ನಾಲ್ಕಕ್ಕೂ. ನುಂಗುವಾಗ ಶ್ವಾಸಕೋಶಕ್ಕೆ ಹೋಗಬಾರದು ಅಂತ ಊಟವೆಲ್ಲ ಮೂಗಿನ ಟ್ಯೂಬಲ್ಲಿ. ಒಂದು ರಾತ್ರಿ ಬಂದು ಒಂದೇ ಒಂದು ಸಲ ಮಗ್ಗುಲು ಬದಲಿಸಿಕೊಡಿ, ಆಮೇಲೆ ಬೇಕಾದಷ್ಟು ಗಾದೆ ಹೇಳಿ, ಕೈಕಟ್ಟಿ ಕೇಳ್ತೀನಿ.

ಈ ಸಿಟ್ಟೆಲ್ಲ ನಿಜವಾಗಿ ಅವರ ಮೇಲಲ್ಲ ಅಂತ ನನಗೂ ಗೊತ್ತು.

ಆವತ್ತು ಬೆಳಿಗ್ಗೆ ಅಮ್ಮ, "ಬಲಗೈ ಯಾಕೋ ಜೋಮು ಹಿಡಿದ ಹಾಗಿದೆ ಕಣೋ" ಅಂದಳು. ಮಾತು ಒಂಚೂರು ತೊದಲಿತ್ತು. ನಾನು ಲ್ಯಾಪ್‌ಟಾಪಿಂದ ತಲೆ ಎತ್ತದೆ, "ಸ್ವಲ್ಪ ಹೊತ್ತು ಮಲ್ಕೋಮ್ಮಾ, ಸರಿಹೋಗುತ್ತೆ" ಅಂದೆ. ಆವತ್ತು ನನಗೆ ತಾಳ್ಮೆಗೇನೂ ಬರ ಇರಲಿಲ್ಲ. ಮಧ್ಯಾಹ್ನದವರೆಗೂ ಇತ್ತು. ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ನನ್ನು ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ನಾವು ಆಸ್ಪತ್ರೆ ಮುಟ್ಟುವಾಗ ಆರು ಗಂಟೆಗೂ ಹೆಚ್ಚು ಹೊತ್ತು ಕಳೆದುಹೋಗಿತ್ತು. ರಕ್ತ ಸಿಗದ ಮೆದುಳಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ ಆಮೇಲೆ ಎಲ್ಲೋ ಓದಿದೆ. ಗುಣಿಸಿಯೂ ನೋಡಿದೆ. ನೀವು ಗುಣಿಸಬೇಡಿ. ಮನೆಯಲ್ಲಿ ಯಾರಿಗಾದರೂ ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತೋಕಾಗದಿದ್ದರೆ, ಮಾತು ತೊದಲಿದರೆ ಮಾತ್ರ ದಯವಿಟ್ಟು ತಾಳ್ಮೆ ಕಳ್ಕೊಳ್ಳಿ. ಕೂಗಾಡಿ, ಓಡಿ.

ಹೀಗಾಗಿ ತಾಳ್ಮೆ ಅನ್ನೋ ಶಬ್ದ ಕೇಳಿದರೇ ನನಗೆ ಉರಿಯುತ್ತೆ.

ಅಮ್ಮನಿಗೆ ಪೆಟ್ಟಾಗಿರೋದು ಎಡ ಮೆದುಳಿಗೆ. ಬಲಗೈ ಹೋಯ್ತು, ಮಾತೂ ಹೋಯ್ತು. ಉಳಿದಿದ್ದು "ಅದು" ಅನ್ನೋ ಒಂದೇ ಪದ. ನೀರೂ ಅದು, ನೋವೂ ಅದು, ನಾನೂ ಅದು. 1861ರಲ್ಲಿ ಪ್ಯಾರಿಸ್ಸಿನ ಬ್ರೋಕಾ ಅನ್ನೋ ವೈದ್ಯರು ನೋಡಿದ ರೋಗಿಯೊಬ್ಬ "ಟ್ಯಾನ್" ಅಂತಷ್ಟೇ ಹೇಳ್ತಿದ್ದನಂತೆ, ಜನ ಅವನನ್ನು ಹಾಗೇ ಕರೀತಿದ್ದರಂತೆ. ರಾತ್ರಿ ಎರಡರಿಂದ ನಾಲ್ಕರ ನಡುವೆ ಇಂಥದ್ದೆಲ್ಲ ಓದ್ತಾ ಕೂರ್ತೀನಿ. ಓದಿ ಏನು ಸಿಕ್ಕಿತು ಅಂತ ಕೇಳಬೇಡಿ.

ಸ್ವಲ್ಪವಾದರೂ ಉಸಿರು ಬಂದದ್ದು ಡಾಕ್ಟರು "ಹೇಳೋಕಾಗಲ್ಲ" ಅಂದಾಗ. ಮೊದಲ ಕೆಲವು ತಿಂಗಳು ಚೇತರಿಕೆ ಬೇಗ ಆಗುತ್ತೆ, ಆಮೇಲೆ ನಿಧಾನ, ಎಷ್ಟು ಅಂತ ಈಗಲೇ ಹೇಳೋಕಾಗಲ್ಲ. "ಎಲ್ಲಾ ಒಳ್ಳೇದಾಗುತ್ತೆ" ಅಂದ ನೂರು ಜನರಿಗಿಂತ ಈ ಒಬ್ಬರ ಮಾತು ನಂಬೋ ಹಾಗಿತ್ತು. ಮೊನ್ನೆ ಫಿಸಿಯೋ ಹುಡುಗಿ ಅಮ್ಮನ ಕಾಲು ಎತ್ತಿಸ್ತಾ "ಒಂದು, ಎರಡು, ಮೂರು" ಅಂದಳು. ಅಮ್ಮ ಇದ್ದಕ್ಕಿದ್ದ ಹಾಗೆ "ನಾಕು, ಐದು, ಆರು" ಅಂತ ಹತ್ತರವರೆಗೂ ಎಣಿಸಿಬಿಟ್ಟಳು! ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಎಣಿಕೆ, ವಾರದ ಹೆಸರು, ಬೈಗುಳ ಇವೆಲ್ಲ ಬಾಯಿಗೆ ರೂಢಿಯಾದ ಮಾತು, ಯೋಚಿಸಿ ಆಡೋ ಮಾತು ಹೋದರೂ ಎಷ್ಟೋ ಸಲ ಇವು ಉಳಿದಿರುತ್ತವೆ, ಮಾತು ಬಂತು ಅಂತ ಈಗಲೇ ಕುಣಿಯಬೇಡಿ ಅಂತ ಸ್ಪೀಚ್ ಥೆರಪಿಸ್ಟ್ ಎಚ್ಚರಿಸಿದರು. ಸರಿ, ಕುಣಿಯಲಿಲ್ಲ.

ಸಂಜೆ ಆ ಹಿರಿಯರು ಗಾದೆ ಹೇಳಿದರಲ್ಲ, ಅದರ ಬೆನ್ನಿಗೇ ಏನಾಯ್ತು ಅಂತ ಹೇಳಲೇ ಇಲ್ಲ. ಮಂಚದಿಂದ ಸ್ಪಷ್ಟವಾಗಿ ಕೇಳಿಸಿತು: "ಥೂ, ಮುಂಡೇದೇ."

ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಬೈದಿದ್ದು ಅವರಿಗೋ ನನಗೋ ಗೊತ್ತಾಗಲಿಲ್ಲ. ನನಗೇ ಅಂತ ಇಟ್ಕೊಂಡಿದ್ದೀನಿ.