ನಲ್ಲಿಯಲ್ಲೇ ಹೇರ್ ಆಯಿಲ್, ಅದೂ ಉಚಿತ

ಸರ್ಕಾರ ಕೊಟ್ಟಿರೋದು ಐದೇ ಗ್ಯಾರಂಟಿ ಅಂತ ರಾಜ್ಯವೆಲ್ಲ ನಂಬಿದೆ. ಕೋಲಾರದವರಿಗೆ ಆರನೆಯದೂ ಉಂಟು. ಅರ್ಜಿ ಬೇಡ, ಆಧಾರ್ ಬೇಡ, ಸರ್ವರ್ ಡೌನ್ ಆಗುವ ಭಯವೂ ಇಲ್ಲ. ಬೋರ್‌ವೆಲ್ ನೀರಲ್ಲಿ ತಲೆಗೆ ಸ್ನಾನ ಮಾಡಿದರೆ ಸಾಕು. ಕೂದಲು ಒಣಗುವಷ್ಟರಲ್ಲಿ ಜಿಡ್ಡು ತಾನಾಗಿ ಬಂದು ಕೂರುತ್ತದೆ.

"ಏನಣ್ಣಾ, ಎಣ್ಣೆ ಜಾಸ್ತಿ ಆಯ್ತಲ್ಲ?"

"ಎಣ್ಣೆ ಎಲ್ಲಿಂದ ಬಂತಪ್ಪ, ಈಗ ತಾನೇ ತೊಳ್ಕೊಂಡು ಬಂದೆ."

ನಮ್ಮೂರಿನ ಸಲೂನುಗಳಲ್ಲಿ ಇದು ದಿನದ ಮಾತು. ಆಮೇಲೆ ತನಿಖೆ ಶುರು. ತಪ್ಪೆಲ್ಲ ತಲೆಯದೇ. ನಿಮ್ಮದು ಆಯ್ಲಿ ಸ್ಕಾಲ್ಪ್, ಬೋಂಡಾ ಬಿಡಿ, ಟೆನ್ಷನ್ ಬಿಡಿ, ಈ ಶಾಂಪೂ ತಗೊಳ್ಳಿ. ಅದೇ ತಲೆ ಬೆಂಗಳೂರಿನ ಮದುವೆಗೆ ಹೋಗಿ ಕಾವೇರಿ ನೀರಲ್ಲಿ ಸ್ನಾನ ಮಾಡಿದರೆ ಕೂದಲು ಹಾರಾಡುತ್ತದೆ. ಅಂದರೆ ನಮ್ಮ ನೆತ್ತಿಯ ಜಾತಿ ಹೊಸಕೋಟೆ ಟೋಲ್ ದಾಟಿದ ಕೂಡಲೇ ಬದಲಾಗುತ್ತದೆ ಅಂತಾಯ್ತು. ಫಾಸ್ಟ್ಯಾಗ್‌ನಲ್ಲಿ ಇದಕ್ಕೂ ದುಡ್ಡು ಕತ್ತರಿಸುತ್ತಾರೋ ಏನೋ.

ವಿಷಯ ಇಷ್ಟೇ. ಸಾವಿರ ಅಡಿ ಕೆಳಗಿನ ಬಂಡೆ ಸಂದಿಯಿಂದ ಎತ್ತಿದ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ತುಂಬಿರುತ್ತದೆ. ಸೋಪು ಅದರ ಜೊತೆ ಸೇರಿದರೆ ನೊರೆ ಬರುವುದಿಲ್ಲ, ನೀರಲ್ಲಿ ಕರಗದ ಬೂದು ಮಡ್ಡಿ ಆಗುತ್ತದೆ. ಬಕೆಟ್ಟಿನ ಒಳಗೆ ಅಂಟುವುದೂ ಅದೇ, ತಲೆಗೆ ಅಂಟುವುದೂ ಅದೇ. ಬಕೆಟ್ಟನ್ನಾದರೂ ಉಜ್ಜಬಹುದು. ಶಾಂಪೂ ಹಾಕಿದರೆ ಈ ಮಡ್ಡಿ ಕಡಿಮೆ, ಆದರೆ ನೀರಿನ ಉಪ್ಪು ಕೂದಲ ಮೇಲೆ ಉಳಿದೇ ಉಳಿಯುತ್ತದೆ. ಜಿಡ್ಡು ಹೋಗಲಿಲ್ಲ ಅಂತ ಇನ್ನೊಂದು ಸಲ ಸೋಪು ತಿಕ್ಕಿದರೆ ಇನ್ನೊಂದು ಪದರ. ಕೊನೆಯ ಚೊಂಬಿಗೆ ನಿಂಬೆಹಣ್ಣು ಹಿಂಡಿದರೆ ಸ್ವಲ್ಪ ಬಿಡುತ್ತದೆ, ನಿಜ. ಬೇಸಿಗೆಯಲ್ಲಿ ನಿಂಬೆಹಣ್ಣಿನ ರೇಟು ಕೇಳಿದ ಮೇಲೆ ಜಿಡ್ಡೇ ವಾಸಿ ಅನ್ನಿಸುತ್ತದೆ.

ಇದಕ್ಕೆ ಕಾನೂನಿನ ರಕ್ಷಣೆಯೂ ಇದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ, ಅಂದರೆ ಈ ಕ್ಯಾಲ್ಸಿಯಂ, ಮೆಗ್ನೀಷಿಯಂ ಲೆಕ್ಕ, ಲೀಟರಿಗೆ 200 ಮಿಲಿಗ್ರಾಂ ದಾಟಬಾರದು. ಬೇರೆ ನೀರು ಇಲ್ಲದಿದ್ದರೆ? ಆಗ 600ರ ತನಕ ಪರವಾಗಿಲ್ಲ. ಎಂಥ ದಯೆ ನೋಡಿ! ನೀರಿಲ್ಲದವನ ದೇಹ ಮೂರು ಪಟ್ಟು ತಡೆಯುತ್ತದೆ ಅಂತ ಅವರಿಗೆ ಅಷ್ಟು ನಂಬಿಕೆ. ಇದೇ ಲೆಕ್ಕ ಸಂಬಳಕ್ಕೂ ಹಾಕಬಾರದಾ?

ಹಾಗಂತ ನಮಗೆ ನೊರೆಯೇ ಸಿಕ್ಕಿಲ್ಲ ಅಂದರೆ ಬಾಯಿಗೆ ಹುಳ ಬಿದ್ದೀತು. ಬೆಂಗಳೂರಿನವರು ಕಾವೇರಿಯಲ್ಲಿ ತಲೆ ತೊಳೆದ ನೀರು ಸಂಸ್ಕರಣೆಯಾಗಿ, ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ಪೈಪಿನಲ್ಲಿ ನಮ್ಮ ಕೆರೆಗಳಿಗೆ ಬರುತ್ತದೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆಯೋ ನೊರೆ. ವಿಷಯ ಹೈಕೋರ್ಟಿನ ತನಕ ಹೋಯಿತು. ಕೆರೆ ತುಂಬಿ ಅಂತರ್ಜಲ ಏರಲಿ ಅಂತ ಮಾಡಿದ ಯೋಜನೆ, ಒಣಗಿದ್ದ ಕೆರೆಗಳಲ್ಲಿ ನೀರು ಕಂಡಿದ್ದೂ ಸುಳ್ಳಲ್ಲ. ಆದರೂ ಈ ಪಾಲುದಾರಿಕೆ ಸ್ವಲ್ಪ ವಿಚಿತ್ರ ಅಲ್ವಾ? ಮೆದು ನೀರು ಅವರಿಗೆ, ಅವರ ಶಾಂಪೂ ಕಂಡ ನೀರು ನಮಗೆ.

ಬೀದಿಯ ಶುದ್ಧ ನೀರಿನ ಘಟಕ ಇದೆಯಲ್ಲ, ನಾಣ್ಯ ಹಾಕಿ ಕ್ಯಾನ್ ಹಿಡಿದು ಅದರಲ್ಲಿ ತೊಳೆಯಿರಿ ಅನ್ನುವವರೂ ಇದ್ದಾರೆ. ಉದ್ದ ಜಡೆಯ ಮಗಳಿರುವ ತಾಯಿಗೆ ಈ ಮಾತು ಹೇಳಿ ನೋಡಿ. ಮನೆಗೆ ಆರ್‌ಒ ಫಿಲ್ಟರ್ ಹಾಕಿಸಿದರೆ ಇನ್ನೂ ಮಜಾ. ಅದು ನೀರನ್ನು ಎರಡು ಪಾಲು ಮಾಡಿ, ಉಪ್ಪನ್ನೆಲ್ಲ ಆಚೆ ಬಿಡುವ ನೀರಿಗೆ ತುಂಬುತ್ತದೆ. "ಆ ನೀರು ಚೆಲ್ಲಬೇಡಿ, ಸ್ನಾನಕ್ಕೆ ಇಟ್ಕೊಳ್ಳಿ" ಅಂತ ಪರಿಸರ ಪ್ರೇಮಿಗಳ ಸಲಹೆ. ಜಿಡ್ಡಿನ ಕಾನ್ಸೆಂಟ್ರೇಟು, ಮನೆಯಲ್ಲೇ ತಯಾರು.

ಇನ್ನು ಎತ್ತಿನಹೊಳೆ, ಪಶ್ಚಿಮ ಘಟ್ಟದ ಹೊಳೆ ನೀರನ್ನು ನಮ್ಮ ಕಡೆಗೆ ತರುವ ಯೋಜನೆ. 2014ರಲ್ಲಿ ಚಿಕ್ಕಬಳ್ಳಾಪುರದ ಕಡೆ ಅಡಿಗಲ್ಲು ಹಾಕಿದರು. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಮೊದಲ ಹಂತ ಉದ್ಘಾಟನೆಯಾಯಿತು. ಅಡಿಗಲ್ಲಿನ ವರ್ಷ ಹುಟ್ಟಿದ ಕೂಸಿಗೆ ಅಜ್ಜಿ "ನೀನು ದೊಡ್ಡವನಾಗುವಷ್ಟರಲ್ಲಿ ಒಳ್ಳೆ ನೀರು ಬರುತ್ತೆ ಕಂದಾ" ಅಂತ ಎರೆದಿದ್ದಳು. ಹುಡುಗ ಈಗ ತನ್ನ ತಲೆ ತಾನೇ ತೊಳೆದುಕೊಳ್ಳುತ್ತಾನೆ, ಬೋರ್ ನೀರಲ್ಲಿ.