ಶೇ. 1ರ ಲೆಕ್ಕ ಸರಿ, ತೀರ್ಮಾನ ತಪ್ಪು

‘ಅಂಟಾರ್ಕ್ಟಿಕ್ ಕಡಲಿನ ಕ್ರಿಲ್‌ನಲ್ಲಿ ಹಿಡಿಯುವುದು ಬರೀ ಶೇ. 1, ಪೆಂಗ್ವಿನ್‌ಗಳಿಗೆ ಏನೂ ತೊಂದರೆಯಿಲ್ಲ’ ಎಂಬ ಮಾತು ಹರಿದಾಡುತ್ತಿದೆ. ಕ್ರಿಲ್ ಎಂದರೆ ಸಿಗಡಿಯಂಥ ಬೆರಳುದ್ದದ ಕಡಲಜೀವಿ, ಪೆಂಗ್ವಿನ್ ಮತ್ತು ತಿಮಿಂಗಿಲಗಳ ಆಹಾರ.

ಮೊದಲರ್ಧ ಸರಿ. ಅಟ್ಲಾಂಟಿಕ್ ಕಡೆಯ ಭಾಗದಲ್ಲಿ 2019ರ ಸಮೀಕ್ಷೆ ಅಂದಾಜಿಸಿದ ಕ್ರಿಲ್ ಸುಮಾರು 6.26 ಕೋಟಿ ಟನ್. ಅಲ್ಲಿ ವರ್ಷಕ್ಕೆ ಹಿಡಿಯಬಹುದಾದ ಮಿತಿ 6.2 ಲಕ್ಷ ಟನ್, ಅಂದರೆ ಸುಮಾರು ಶೇ. 1. ಆದರೆ ಹಡಗುಗಳು ಇಡೀ ಕಡಲನ್ನು ಸಮನಾಗಿ ಜಾಲಾಡುವುದಿಲ್ಲ. ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಅಂಚಿನಂಥ ಕಡೆ, ಕ್ರಿಲ್ ದಟ್ಟವಾಗಿ ಗುಂಪುಗೂಡುವಲ್ಲೇ ಬಲೆ ಬೀಳುತ್ತದೆ. ಮರಿಗಳಿಗೆ ತುತ್ತು ತರಲು ಪೆಂಗ್ವಿನ್ ಹೋಗುವುದೂ ಅಲ್ಲಿಗೇ, ತಿಮಿಂಗಿಲಗಳು ಬರುವುದೂ ಅಲ್ಲಿಗೇ.

ಈ ಒತ್ತಡ ಒಂದೇ ಕಡೆ ಬೀಳದಂತೆ ಮಿತಿಯನ್ನು ನಾಲ್ಕು ಉಪವಲಯಗಳಿಗೆ ಹಂಚುತ್ತಿದ್ದ ನಿಯಮ, ಅಂಟಾರ್ಕ್ಟಿಕ್ ಕಡಲಜೀವಿಗಳ ಸಂರಕ್ಷಣಾ ಆಯೋಗದ (CCAMLR) ಸದಸ್ಯ ದೇಶಗಳು ಒಮ್ಮತಕ್ಕೆ ಬಾರದೆ 2024ರಲ್ಲಿ ಬಿದ್ದುಹೋಯಿತು. ಭಾರತವೂ ಆ ಆಯೋಗದ ಸದಸ್ಯ ರಾಷ್ಟ್ರವೇ. 2025ರ ಆಗಸ್ಟ್‌ನಲ್ಲಿ ಇಡೀ ಮಿತಿ ಮೊದಲ ಬಾರಿಗೆ ಮುಟ್ಟಿ, ಮೀನುಗಾರಿಕೆ ಅವಧಿಗೆ ಮುಂಚೆಯೇ ನಿಂತಿತು.

ಇನ್ನೊಂದು ಸಂಗತಿ.  ಕ್ರಿಲ್ ಮರಿಗಳು ಚಳಿಗಾಲ ಕಳೆಯುವುದು ಕಡಲ ಮೇಲಿನ ಮಂಜುಗಡ್ಡೆಯ ಅಡಿಮೈಗೆ ಅಂಟಿದ ಪಾಚಿಯನ್ನು ಕೆರೆದು ತಿಂದು. ಆ ಮಂಜುಗಡ್ಡೆಯೇ ಕಡಿಮೆಯಾಗುತ್ತಿರುವಾಗ, ಒಂದು ವರ್ಷದ ಸಮೀಕ್ಷೆಯನ್ನು ಶಾಶ್ವತ ಲೆಕ್ಕವೆಂದು ಹಂಚಬೇಡಿ.