ಗುಡ್ಡಕ್ಕೂ ಬಂತು ಅಕ್ರಮ-ಸಕ್ರಮ

ಸೈಟು ಆಯಿತು, ಮನೆ ಆಯಿತು, ಪಂಪ್‌ಸೆಟ್ಟೂ ಆಯಿತು. ಈಗ ಪರಿಸರದ ಸರದಿ. ಮೊದಲು ಕಟ್ಟಿ ಆಮೇಲೆ ಪರಿಸರ ಅನುಮತಿ ಕೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಮೇ 16ರಂದು ಹೇಳಿತ್ತು. ನವೆಂಬರ್ 18ಕ್ಕೆ ಅದೇ ಕೋರ್ಟು ಆ ತೀರ್ಪನ್ನು ವಾಪಸ್ ತಗೊಂಡಿತು. ಇಬ್ಬರು ಸೈ ಅಂದರು, ಒಬ್ಬರು ಒಪ್ಪಲಿಲ್ಲ. ಇಲ್ಲದಿದ್ದರೆ ಸುಮಾರು 20,000 ಕೋಟಿ ರೂಪಾಯಿಯ ಸರ್ಕಾರಿ ಕಾಮಗಾರಿ ಕೆಡವಬೇಕಾಗುತ್ತಿತ್ತಂತೆ. ಪಾಪ, ಕಟ್ಟಿದ್ದನ್ನ ಕೆಡವೋಕೆ ಯಾರಿಗೆ ಮನಸ್ಸು ಬರುತ್ತೆ? ಕಟ್ಟೋಕೆ ಮೊದಲೇ ಕೇಳಬೇಕು ಅಂತ 1994ರಲ್ಲೇ ನಿಯಮ ಬಂದಿತ್ತು. ಇರಲಿ ಬಿಡಿ.

ನಾನಂತೂ ಈ ಪದ್ಧತಿಯ ಪರ. ಗುಡ್ಡ ಕರಗಿದ ಮೇಲೆ ಪರಿಣಾಮ ಅಳೆಯೋದು ಎಷ್ಟು ಸಲೀಸು! ಊಹೆ ಮಾಡುವ ಕೆಲಸವೇ ಇಲ್ಲ, ಎಲ್ಲಾ ಕಣ್ಣೆದುರಿಗೇ ಇರುತ್ತೆ.

ಅನುಮತಿ ಕೇಳುವಾಗ ಕೊಡುವ ಈಗಿನ ಪರಿಸರ ಪರಿಣಾಮದ ವರದಿಗಳಾದರೂ ಏನು ಕಡಿಮೆಯೇ? ಯೋಜನೆ ತರುವವನೇ ಸಲಹೆಗಾರನನ್ನು ಹುಡುಕುತ್ತಾನೆ, ಅವನೇ ಫೀಸು ಕೊಡುತ್ತಾನೆ. ಹುಡುಗನ ಗುಣ ಹೇಗೆ ಅಂತ ಅವನಪ್ಪನನ್ನೇ ಕೇಳಿದ ಹಾಗೆ. ರತ್ನಾಗಿರಿಯ ಬಾಕ್ಸೈಟ್ ಗಣಿಯೊಂದರ ವರದಿ ನೆನಪಿರಬೇಕಲ್ಲ? ಅಲ್ಲಿನ ಹಕ್ಕಿಗಳು ಸ್ಪ್ರೂಸ್ ಮತ್ತು ಬರ್ಚ್ ಮರಗಳ ಕಾಡಿನಲ್ಲಿ ವಾಸಿಸುತ್ತವೆ ಅಂತ ಬರೆದಿತ್ತು. ಕೊಂಕಣದಲ್ಲಿ! ರಷ್ಯಾದ ವರದಿಯಿಂದ ಎತ್ತಿದ್ದು ಅಂತ ಆಮೇಲೆ ಗೊತ್ತಾಯಿತು. ಯಾರಾದರೂ ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡ ಹತ್ತುವವರಿದ್ದರೆ ಒಂದು ಸ್ವೆಟರ್ ಇಟ್ಟುಕೊಳ್ಳಿ, ಹಿಮಕರಡಿ ಕಂಡರೆ ನನಗೂ ಒಂದು ಫೋಟೋ ಕಳಿಸಿ.

ಇನ್ನು ಸಾರ್ವಜನಿಕ ಅಹವಾಲು, ಅಂದರೆ ಯೋಜನೆ ಬಗ್ಗೆ ಊರಿನವರ ಮಾತು ಕೇಳುವ ಸಭೆ. 30 ದಿನ ಮೊದಲು ನೋಟಿಸ್ ಕೊಡಬೇಕು. ದಪ್ಪ ವರದಿ ಇಂಗ್ಲಿಷಿನಲ್ಲಿ, ಅದರ ತೆಳ್ಳನೆಯ ಸಾರಾಂಶ ಕನ್ನಡದಲ್ಲಿ. ಶಾಮಿಯಾನ, ಪೊಲೀಸ್ ವ್ಯಾನು, ವೇದಿಕೆ ಮೇಲೆ ಸಾಲಾಗಿ ನೀರಿನ ಬಾಟಲಿ. ಹಿಂದಿನ ಸಾಲಿನಿಂದ ಒಬ್ಬ ರೈತ ಎದ್ದು, ‘ಸಾಹೇಬ್ರ, ಧೂಳು ಜ್ವಾಳದ ಮ್ಯಾಲ ಕುಂತ್ರ ತೆನಿ ಕಟ್ಟೂದಿಲ್ರೀ, ದನಾನೂ ಕಣಿಕಿ ಮುಟ್ಟೂದಿಲ್ಲ’ ಅನ್ನುತ್ತಾನೆ. ನಡಾವಳಿಯಲ್ಲಿ ಅದು ‘ಧೂಳಿನ ಬಗ್ಗೆ ಪ್ರಸ್ತಾಪಿಸಿದರು’ ಅಂತಾಗುತ್ತದೆ. ಪಕ್ಕದ ಕಾಲಂನಲ್ಲಿ ಕಂಪನಿಯ ಉತ್ತರ: ‘ನಿಯಮಿತವಾಗಿ ನೀರು ಸಿಂಪಡಿಸಲಾಗುವುದು’. ಗದಗಿನಲ್ಲಿ ಕುಡಿಯೋ ನೀರಿಗೇ ವಾರಗಟ್ಟಲೆ ಕಾಯಬೇಕು. ಕಲ್ಲಿನ ಧೂಳಿಗೆ ಮಾತ್ರ ನಿಯಮಿತವಾಗಿ ನೀರು.

ಕೆಲವು ಪುಣ್ಯವಂತರಿಗೆ ಈ ವರದಿಯ ಕಾಟವೂ ಇಲ್ಲ. ಹುಬ್ಬಳ್ಳಿಯಲ್ಲಿ 20,000 ಚದರ ಮೀಟರ್ ದಾಟಿದ ಕಟ್ಟಡ ಕಟ್ಟಬೇಕಂದ್ರೆ ಪರಿಸರ ಅನುಮತಿ ಬೇಕು. ಅದೇ ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಘಟ್ಟ ಕೊರೆದು 164 ಕಿಲೋಮೀಟರ್ ಹಳಿ ಹಾಕಬೇಕಂದ್ರೆ ಬೇಡ. ಯಾವುದಕ್ಕೆಲ್ಲ ಪರಿಸರ ಅನುಮತಿ ಬೇಕು ಅಂತ ಹೇಳುವ 2006ರ ಅಧಿಸೂಚನೆಯ ಪಟ್ಟಿಯಲ್ಲಿ ರೈಲು ಮಾರ್ಗವೇ ಇಲ್ಲ. ಅರಣ್ಯದ ಅನುಮತಿ, ವನ್ಯಜೀವಿ ಮಂಡಳಿ, ಹೈಕೋರ್ಟು ಎಲ್ಲಾ ಬೇರೆ ಕಥೆ, ಅದು ದಶಕಗಳಿಂದ ನಡೀತಾ ಇದೆ. ರೈಲು ಬೇಡ ಅಂತಲ್ಲ, ಅಂಕೋಲಾದ ಮೀನು ಯಾರಿಗೆ ಬೇಡ? ಆದರೆ ಲಕ್ಷಗಟ್ಟಲೆ ಮರ ಹೋಗುವ ಕೆಲಸದಿಂದ ಪರಿಸರದ ಮೇಲೆ ಪರಿಣಾಮ ಆಗಲ್ಲ ಅಂತ ಯಾವ ಪುಣ್ಯಾತ್ಮ ತೀರ್ಮಾನಿಸಿದನೋ. ಗಾಳಿಯಂತ್ರಗಳಿಗೂ ಇದೇ ವಿನಾಯಿತಿ. ಗದಗಿನ ಗುಡ್ಡದ ಸಾಲು ಒಮ್ಮೆ ನೋಡಿ ಬನ್ನಿ.

ಕಪ್ಪತಗುಡ್ಡವನ್ನು ಉಳಿಸಿದ್ದು ಯಾವ ವರದಿ ಹೇಳಿ? 2015ರಲ್ಲಿ ಸರ್ಕಾರ ಅದನ್ನ ಸಂರಕ್ಷಿತ ಪ್ರದೇಶ ಅಂತ ಸಾರಿತು, 2016ರಲ್ಲಿ ತಾನೇ ರದ್ದು ಮಾಡಿತು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತು, ಜನ ಗದಗಿನಲ್ಲಿ ಬೀದಿಗೆ ಬಂದು ಕೂತ ಮೇಲೆ 2017ರಲ್ಲಿ ಆದೇಶ ಮತ್ತೆ ಬಂತು. 2019ರಲ್ಲಿ ಅಭಯಾರಣ್ಯವೂ ಆಯಿತು. ಇಷ್ಟೆಲ್ಲಾ ಕಾಯ್ದೆ, ತಜ್ಞರ ಸಮಿತಿ, ಸಲಹೆಗಾರರು ಇದ್ದೂ ಒಂದು ಗುಡ್ಡ ಉಳಿಸೋಕೆ ಮಠದ ಸ್ವಾಮಿಗಳು ಧರಣಿ ಕೂರಬೇಕಾಯಿತು. ನಗು ಬರುತ್ತಿಲ್ಲ ಸ್ವಾಮಿ, ಸಿಟ್ಟು ಬರುತ್ತಿದೆ. ಕೊಡುವುದು ಕೊಟ್ಟೇ ಕೊಡ್ತೀರಿ ಅಂದಮೇಲೆ, ಹೊಲದ ಕೆಲಸ ಬಿಡಿಸಿ ಆ ರೈತನನ್ನ ಶಾಮಿಯಾನಕ್ಕೆ ಯಾಕೆ ಕರೀತೀರಿ?